ಕಾಲೇಜಿನ ಹೇಸರಗತ್ತೆಗಿರುವ ಹಕ್ಕುಗಳ ಬಗ್ಗೆ

ಮಾನ್ಯ ಸೆನೆಟರ್ ಬ್ರೀಡ್‌ಲವ್ ಅವರೇ,

ತಮಗೆ ಆಯುರಾರೋಗ್ಯ ಹಾರೈಸಿ ಬರೆದುಕೊಳ್ಳುವುದೇನೆಂದರೆ, ನಾನು ಮಿಸಿಸಿಪ್ಪಿ ಹೊಳೆಯಂಚಿನ ಕೋಲ್ಟರ್ ಕ್ರೀಕ್ ಊರಿನ ಒಡೆಸ್ಸಾ ಟಾಲಿವರ್. ಹೈಸ್ಕೂಲು ಮುಗಿಸಿದವಳು. ಪಾದ್ರಿಗಳ ಪ್ರಸಂಗ ಉದ್ದವಾದರೆ ಒಮ್ಮೆ ಕೆಮ್ಮಿ ನಿಲ್ಲಿಸುವ ಅಧಿಕಾರ ಈ ಊರಿನಲ್ಲಿ ನನಗೊಬ್ಬಳಿಗೇ ಇದೆ.

ಕಾಲೇಜು ಆಟಗಾರರ ಆರೋಗ್ಯ, ವಿದ್ಯಾರ್ಥಿವೇತನ ಮತ್ತು ಹಕ್ಕುಗಳನ್ನು ಕಾಯುವ ಮಸೂದೆಯನ್ನು ತಮ್ಮ ಸಮಿತಿಯು ಎರಡು ವರ್ಷಗಳಿಂದ ಕಪಾಟಿನಲ್ಲಿಟ್ಟು, ಅದರ ಒಂದು ಸಾಲೂ ಕಾನೂನಾಗಿ ಹೊರಬೀಳದಂತೆ ಜತನ ಮಾಡಿದ್ದಕ್ಕೆ ಅಭಿನಂದನೆಗಳು. ಅದೇ ಸಮಿತಿಯು, ತಂಡದ ಲಾಂಛನವಾಗಿ ಆಟಕ್ಕೆ ಮುಂಚೆ ಮೈದಾನ ಸುತ್ತುವ ಕಾಲೇಜಿನ ಹೇಸರಗತ್ತೆ ‘ಕರ್ನಲ್’ನ ರಕ್ಷಣೆಯ ಮಸೂದೆಯನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿತು. ಅದಕ್ಕೆ ಸ್ವಂತ ವೈದ್ಯರು, ಏಸಿ ಹಾಕಿದ ಲಾಯ, ಕುಂಟಿದರೂ ಸಾಯುವತನಕ ಮೇವು.

ನನ್ನ ಮೊಮ್ಮಗ ಕ್ವಿನ್ಸಿ ಅದೇ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ, ಎದುರಾಳಿಗಳನ್ನು ಮೈಯಿಂದ ಗುದ್ದಿ ತಡೆಯುವ ಮುಂದಿನ ಸಾಲಿನವನು. ಕಳೆದ ತಿಂಗಳು ತಲೆಗೆ ಪೆಟ್ಟು ಬಿದ್ದು, ಎದ್ದವನು ನೇರ ಹೋಗಿ ಎದುರು ತಂಡದವರ ನಡುವೆ ಕೂತ. “ಏನೂ ಆಗಿಲ್ಲ ಕಣೋ, ನಿನ್ನ ಬೆಂಚು ಈ ಕಡೆ” ಎಂದು ಕೋಚ್ ಸಾಹೇಬರು ದಾರಿ ತೋರಿಸಿದರು. ವೈದ್ಯಕೀಯ ಆರೈಕೆ ಅಲ್ಲಿಗೆ ಮುಗಿಯಿತು. ಈಗ ಅವನು ನನ್ನನ್ನು ಒಮ್ಮೊಮ್ಮೆ ತೀರಿಹೋದ ತನ್ನ ತಾಯಿಯ ಹೆಸರಿನಿಂದ ಕರೆಯುತ್ತಾನೆ. ಆಡುವುದು ಬೇಡವೆಂದರೆ, “ಆಡ್ದಿದ್ರೆ ಸ್ಕಾಲರ್‌ಶಿಪ್ಪೂ ಹೋಗುತ್ತೆ, ಓದೂ ಹೋಗುತ್ತೆ. ಸುಮ್ನಿರು ಅಜ್ಜಿ” ಎನ್ನುತ್ತಾನೆ.

ಆದಕಾರಣ, ಕ್ವಿನ್ಸಿಯನ್ನೂ ಹೇಸರಗತ್ತೆಯೆಂದು ಘೋಷಿಸುವ ಒಂದು ಸಣ್ಣ ತಿದ್ದುಪಡಿಯನ್ನು ದಯಪಾಲಿಸಬೇಕು. ಕಿವಿ ತುಸು ಗಿಡ್ಡವೆಂಬುದೊಂದೇ ಅಡ್ಡಿ. ಹಠದಲ್ಲಿ ಕೊರತೆಯಿಲ್ಲ, ಅದು ನಮ್ಮ ಮನೆತನದ್ದು.

ತಿದ್ದುಪಡಿಗೆ ಕಾಯುತ್ತ ಸುಮ್ಮನೆ ಕೂರುವುದು ನನ್ನ ಅಭ್ಯಾಸವಲ್ಲ. ಒಬ್ಬ ಹುಡುಗನ ವಿದ್ಯಾರ್ಥಿವೇತನ ಕಿತ್ತುಕೊಳ್ಳುವುದು ಸುಲಭ, ಇಡೀ ಸಾಲಿನದು ಕಿತ್ತುಕೊಂಡರೆ ಆಡುವವರಾರು ಎಂದು ಯೋಚಿಸಿ, ಆ ಸಾಲಿನ ಉಳಿದ ನಾಲ್ವರ ಅಜ್ಜಿಯರಿಗೂ, ಅವರ ಬದಲಿ ಆಟಗಾರರ ಅಜ್ಜಿಯರಿಗೂ ಫೋನು ಮಾಡಿದೆ. ಅಜ್ಜಿ ಊಟಕ್ಕೆ ಕರೆದರೆ ಒಲ್ಲೆನೆನ್ನುವ ಹುಡುಗ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ನಿನ್ನೆ ಶನಿವಾರ, ವರ್ಷದ ದೊಡ್ಡ ಆಟಕ್ಕೆಂದು ಗಣ್ಯರ ಸಾಲಿನಲ್ಲಿ ಕುಳಿತಿದ್ದ ತಾವು, ಆಟ ರದ್ದಾದದ್ದೇಕೆಂದು ವಿಚಾರಿಸಿದಿರಂತೆ. ಹುಡುಗರೆಲ್ಲ ನನ್ನ ಮೇಜಿನ ಸುತ್ತ ಕುಳಿತು ಕರಿದ ಕೋಳಿ, ಜೋಳದ ರೊಟ್ಟಿ ತಿನ್ನುತ್ತಿದ್ದರು. ಅವರ ಬೂಟುಗಳು ನನ್ನ ಮಂಚದ ಕೆಳಗಿದ್ದವು. ಈಗಲೂ ಅಲ್ಲೇ ಇವೆ.

ತಮ್ಮ ವಿಶ್ವಾಸಿ,
ಒಡೆಸ್ಸಾ ಟಾಲಿವರ್

ಮರೆತ ಮಾತು: ಬರುವ ಭಾನುವಾರ ಮತ ಕೇಳಲು ನಮ್ಮ ಚರ್ಚಿಗೆ ದಯಮಾಡಿಸುತ್ತೀರೆಂದು ತಿಳಿದು ಸಂತೋಷವಾಯಿತು. ಮೊದಲ ಬೆಂಚಿನಲ್ಲೇ ಜಾಗ ಹಿಡಿದಿಟ್ಟಿದ್ದೇನೆ. ತಮ್ಮ ಎರಡೂ ಪಕ್ಕಗಳಲ್ಲಿ ಅಜ್ಜಿಯರೇ ಕೂರುತ್ತಾರೆ.