ಬಲಗಡೆ ಜೇಬಿನ ಕೋಟು

ವೆಂಕಟರಾಯಪ್ಪ: ನನ್ನ ಕೋಟಲ್ಲ ಅಂದ್ರೆ ಅಲ್ಲ!

ಸೊಣ್ಣಪ್ಪ: ನಿಮ್ದೇ ಯಜಮಾನ್ರೇ. ಒಳಗಡೆ ಮೂರು ಚುಕ್ಕೆ ನೋಡಿ. ನಿಮ್ಮನೆ ಗುರುತು.

ವೆಂಕಟರಾಯಪ್ಪ: ಗುರುತು ಹಾಕೋ ಗೇರೆಣ್ಣೆ ನಿನ್ನ ಕೈಲೇ ಐತಲ್ಲ. ಮೂರು ಚುಕ್ಕೆ ನನ್ನ ಎಮ್ಮೆಗೂ ಇಡ್ತೀಯ!

ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನ ಎದುರಿನ ಸೊಣ್ಣಪ್ಪನ ಲಾಂಡ್ರಿ ಅದು. ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು, ಬಟ್ಟೆಗೂ ಕಂಟ್ರೋಲು ಬಂದಿತ್ತು. ಮಗ್ಗದ ಮನೆಯ ವೆಂಕಟರಾಯಪ್ಪ ಸಣಕಲು ಆಳು. ಮಗಳು ಭಾಗ್ಯಮ್ಮನ ಜಾತಕ ಹಿಡಿದು ಈಗಿನ ಬಸ್ಸಿಗೇ ಆವತಿಗೆ, ಗಂಡಿನ ಮನೆಗೆ ಹೊರಡಬೇಕು. ಜಾತಕ ಕೋಟಿನ ಎಡಜೇಬಿನಲ್ಲಿತ್ತು. ಕೋಟು ಕೇಳಿದರೆ ನಾಲ್ಕು ದಿನದಿಂದ ಸೊಣ್ಣಪ್ಪನದು ಒಂದೇ ಮಂತ್ರ: “ಎಲ್ಲೂ ಹೋಗಲ್ಲ, ನಾಳೆ ಬನ್ನಿ, ರೆಡಿ ಇರ್ತದೆ.”

ವೆಂಕಟರಾಯಪ್ಪ: ನನ್ನ ಕೋಟು ಬೂದಿ ಬಣ್ಣಕ್ಕೆ ತಿರುಗಿತ್ತು. ಇದು ಕರ್ರಗೆ ಮಿರಮಿರ ಅಂತದೆ.

ಸೊಣ್ಣಪ್ಪ: ಅದೇ ನಮ್ಮ ಕೈಚಳಕ!

ವೆಂಕಟರಾಯಪ್ಪ: ಎಡಗಡೆ ಜೇಬು ಬಲಗಡೆಗೆ ಹೋಗೈತೆ. ಅದೂ ನಿನ್ನ ಕೈಚಳಕಾನಾ?

ಸೊಣ್ಣಪ್ಪ ಜೇಬನ್ನು ನೋಡಿ ಬೆಪ್ಪಾದ. ಆದರೂ ಸೋಲೊಪ್ಪುವ ಆಸಾಮಿಯಲ್ಲ.

ಸೊಣ್ಣಪ್ಪ: ಇಸ್ತ್ರಿ ಬಿಸಿಗೆ ಒಂದೊಂದ್ಸಲ...

ವೆಂಕಟರಾಯಪ್ಪ: ಜೇಬು ಎದ್ದು ನಡ್ಕೊಂಡು ಹೋಗ್ತದೇನೋ?

ಸೊಣ್ಣಪ್ಪ: ಇರೋ ಜೇಬಲ್ಲೇ ಒಂದ್ಸಲ ಕೈ ಹಾಕಿ ನೋಡಿ.

ವೆಂಕಟರಾಯಪ್ಪ: ಕಂಡೋರ ಜೇಬಿಗೆ ಕೈ ಹಾಕೋನಲ್ಲ ನಾನು!

ಅಷ್ಟರಲ್ಲಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದ ಬೂದಿ ಬಣ್ಣದ ಕೋಟೊಂದು ಅವನ ಕಣ್ಣಿಗೆ ಬಿತ್ತು. ಹಾರಿ ಹಿಡಿದು ತೊಟ್ಟೇಬಿಟ್ಟ.

ವೆಂಕಟರಾಯಪ್ಪ: ಸಿಕ್ತು! ಈ ಮೊಣಕೈ ತೂತು ನಂಗೆ ಗೊತ್ತಿಲ್ವಾ?

ಎಡಜೇಬಿಗೆ ಕೈ ಹಾಕಿದರೆ ಅರ್ಧ ಸೇದಿದ ಬೀಡಿಯೊಂದು ಬಂತು.

ಸೊಣ್ಣಪ್ಪ: ಅದು ನನ್ನ ಕೋಟು, ಯಜಮಾನ್ರೇ.

ವೆಂಕಟರಾಯಪ್ಪ: ಹಂಗಾದ್ರೆ ನನ್ನ ಮಗಳ ಜಾತಕ? ಜಾತಕ ಕಳೀತು ಅಂದ್ರೆ ಅಪಶಕುನ ಅಂತಾರೆ ಕಣೋ. ಆಗ್ಲೇ ಎರಡು ಸಂಬಂಧ ಮುರಿದು ಬಿದ್ದವೆ.

ಸೊಣ್ಣಪ್ಪನಿಗೂ ಅಯ್ಯೋ ಪಾಪ ಅನ್ನಿಸಿತು. ಹೊತ್ತಿಗೆ ಸರಿಯಾಗಿ ಬುತ್ತಿಗಂಟು ಹಿಡಿದು ವೆಂಕಟರಾಯಪ್ಪನ ಹೆಂಡತಿ ಅಂಜಿನಮ್ಮ ಬಂದಳು.

ಅಂಜಿನಮ್ಮ: ಅಲ್ಲಿ ಬಸ್ಸು ಹೊರಡ್ತಾ ಐತೆ, ಇಲ್ಲೇನು ನಿಮ್ಮ ರಂಪ?

ಕರಿಕೋಟಿನ ಬಲಜೇಬಿಗೆ ಕೈಹಾಕಿ, ಅರಿಶಿನ ಹಚ್ಚಿದ ಜಾತಕವನ್ನು ಎಳೆದು ಗಂಡನ ಮೂಗಿನ ಮುಂದೆ ಹಿಡಿದಳು.

ವೆಂಕಟರಾಯಪ್ಪ: ಅಲ್ಲಿಗೆ ಹೆಂಗೆ ಬಂತು?

ಅಂಜಿನಮ್ಮ: ಹೊಸ ಕೋಟಿಗೆ ಬಟ್ಟೆ ಎಲ್ಲಿ ಸಿಕ್ತದೆ? ಇಲ್ಲಿ ಇಸ್ತ್ರಿಗೆ ಕೊಡೋ ಮುಂಚೆ ಟೈಲರ್ ಬಚ್ಚಪ್ಪನ ಕೈಲಿ ಒಳಮೈ ಹೊರಕ್ಕೆ ತಿರುವಿ ಹೊಲಿಸಿ, ಜಾತಕ ಮತ್ತೆ ಜೇಬಲ್ಲೇ ಇಟ್ಟೆ. ತೂತಿಗೂ ತೇಪೆ ಹಾಕ್ಸಿದೀನಿ. ಕೋಟು ತಿರುವಿದ್ಮೇಲೆ ಎಡದ ಜೇಬು ಬಲಕ್ಕೆ ಬರದೆ ಇನ್ನೆಲ್ಲಿಗೆ ಹೋಗ್ತದೆ?

ವೆಂಕಟರಾಯಪ್ಪ: ನಂಗೊಂದು ಮಾತು ಹೇಳ್ಬಾರ್ದಾ?

ಅಂಜಿನಮ್ಮ: ಹೇಳಿದ್ರೆ ಬೇಡ ಅಂತಿದ್ರಿ. ನಮ್ಮಪ್ಪ ತೂತು ಕೋಟಲ್ಲಿ ಬೀಗರ ಮುಂದೆ ಕೂರ್ಬಾರ್ದು ಅಂತ ಭಾಗ್ಯ ಅತ್ಲು.

ಬಸ್ಸು ಹಾರನ್ ಹೊಡೆಯಿತು. ಅಂಜಿನಮ್ಮ ಕರಿಕೋಟನ್ನು ಗಂಡನಿಗೆ ಹಾಗೇ ಮೇಲಿಂದ ತೊಡಿಸಿ, ಬುತ್ತಿ ಕೊಟ್ಟು, ಅಟ್ಟಿಸಿಕೊಂಡು ಹೋಗಿ ಬಸ್ಸು ಹತ್ತಿಸಿದಳು. ಸೊಣ್ಣಪ್ಪ ನಿಟ್ಟುಸಿರು ಬಿಟ್ಟು ಗೋಡೆಯ ಕಡೆ ತಿರುಗಿದ. ಮೊಳೆ ಬರಿದಾಗಿತ್ತು. ಬಿದ್ದೆನೋ ಕೆಟ್ಟೆನೋ ಎಂದು ಓಡಿದ.

ಸೊಣ್ಣಪ್ಪ: ಯಜಮಾನ್ರೇ! ಒಳಗಡೆ ಹಾಕ್ಕೊಂಡಿರೋದು ನನ್ನ ಕೋಟು!

ವೆಂಕಟರಾಯಪ್ಪ ಮೈ ತಡವಿ ನೋಡಿಕೊಂಡ. ಹೌದು, ಎರಡಿತ್ತು. ಬಸ್ಸಾಗಲೇ ತಿರುವು ದಾಟುತ್ತಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

ವೆಂಕಟರಾಯಪ್ಪ: ಎಲ್ಲೂ ಹೋಗಲ್ಲ ಸೊಣ್ಣಪ್ಪಾ! ನಾಳೆ ಬಾ, ರೆಡಿ ಇರ್ತದೆ!