ವೈರುಗಳಿಗೆ ಹೆಣೆದ ಜಡೆ

ಎಂಜಿನಿಯರನ್ನು ಕಟ್ಟಿಕೊಂಡವಳಿಗೆ ಮನೆಯಲ್ಲಿ ಏನು ಕೆಟ್ಟರೂ ಎರಡು ಕಷ್ಟ. ಅದು ಕೆಟ್ಟಿದ್ದು ಒಂದು, ಯಾಕೆ ಕೆಟ್ಟಿತೆಂದು ಕೂತು ಕೇಳಬೇಕಾದದ್ದು ಇನ್ನೊಂದು. ನಮ್ಮನೆಯವರು ಈ ತೆಲುಗು ಊರಿನ ಕುಷಾಯಿಗೂಡದ ಕಡೆ ಎಲೆಕ್ಟ್ರಾನಿಕ್ಸ್ ಕೆಲಸದಲ್ಲೇ ಆಯುಷ್ಯ ಕಳೆದು ರಿಟೈರಾದವರು. ಈಗ ಅವರ ಲೆಕ್ಚರಿಗೆ ಉಳಿದಿರುವ ಆಡಿಯನ್ಸ್ ನಾನೊಬ್ಬಳೇ.

ಈ ಸಲ ಕೆಟ್ಟದ್ದು ಅವ್ವನ ಹಾಡು. ನನ್ನ ಮದುವೆಗೆ ಮೊದಲು ರಾಯಚೂರಿನ ಮನೆಯಲ್ಲಿ ಅವ್ವ ಹೇಳಿದ ಗೌರಿ ಹಾಡೊಂದನ್ನು ಅಣ್ಣ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದ. ಎಲ್ಲೋ ಕಳೆದುಹೋಗಿದ್ದ ಅದು ಮೊನ್ನೆ ಅವನ ಟ್ರಂಕಿನಲ್ಲಿ ಸಿಕ್ಕಿತು. ಅವ್ವನ ಜೊತೆ ಅದರಲ್ಲಿ ಹಾಡಿದವಳು ನಾನೇ. ಆಫ್ಟರ್ ಆಲ್, ಕಾನ್ವೆಂಟಿನ ಕ್ವಾಯರ್‌ನಲ್ಲಿದ್ದವಳು! ಸಿಸ್ಟರ್ ನನ್ನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿ, “ಯು ಜಸ್ಟ್ ಸ್ಮೈಲ್, ಡಿಯರ್” ಎನ್ನುತ್ತಿದ್ದರು. ನನ್ನ ನಗು ಅಷ್ಟು ಚಂದವಿತ್ತು. ಶುಕ್ರವಾರ ಅರಿಶಿನ ಕುಂಕುಮಕ್ಕೆ ಬರುವ ಕನ್ನಡದ ಗೆಳತಿಯರಿಗೆ ನನ್ನ ‘ಸೆಕೆಂಡ್ ವಾಯ್ಸ್’ ಕೇಳಿಸುತ್ತೇನೆಂದು ಊರೆಲ್ಲ ಸಾರಿಬಿಟ್ಟಿದ್ದೆ. ಕ್ಯಾಸೆಟ್ ಹಾಕಿದರೆ ಅವ್ವನ ದನಿಯ ಕೆಳಗೆಲ್ಲ ಒಂದೇ ಸಮ ಗುಂಯ್!

ಇದಕ್ಕೆ ಮದ್ದು ಕೇಳಲು ಹೋದರೆ ಮೆಹದಿಪಟ್ಟಣದ ಅಂಗಡಿಯವನು ಬೆರಳಿನಷ್ಟು ದಪ್ಪದ ಕೇಬಲ್ ತೋರಿಸಿ, “ಸ್ಕಿನ್ ಎಫೆಕ್ಟ್ ಮೇಡಂ, ಇದಿ ತೀಸ್ಕೋಂಡಿ” ಎಂದು ತೆಲುಗಿನಲ್ಲಿ ಅದನ್ನೇ ಕೊಳ್ಳಲು ಹೇಳಿದ್ದ. ಕರೆಂಟು ತಂತಿಯ ಒಳಗಿಳಿಯದೆ ಬರೀ ಚರ್ಮದ ಮೇಲೆ ಓಡುತ್ತದಂತೆ, ನನ್ನ ತಲೆಗೆ ಗಣಿತ ಹತ್ತಿದ ಹಾಗೆ. ಮನೆಗೆ ಬಂದು ಹೇಳಿದೆ.

“ಅದು ಭಾಳ ಮ್ಯಾಲಿನ ಫ್ರೀಕ್ವೆನ್ಸಿ ಆಟ,” ಎಂದರು ಇವರು. “ಹಾಡಿಗೆ, ಅದೂ ಇಷ್ಟು ಗಿಡ್ಡ ವೈರ್‌ನ್ಯಾಗ, ನಿನ್ನ ಕಿವಿಗೆ ಗೊತ್ತೂ ಆಗಂಗಿಲ್ಲ.”

“ಹಂಗಾರ ಈ ಗುಂಯ್ ಅನ್ನೋದು ಏನ್ರಿ?”

ಅವರು ಮಂಡಿ ಹಿಡಿದುಕೊಂಡು ಟೇಪ್ ಇಟ್ಟ ಮೇಜಿನ ಹಿಂದೆ ಬಗ್ಗಿದರು. “ಇದನ್ಯಾರು ಮಾಡಿದ್ರು?”

“ನಾನಾ. ನೀಟ್ ಕಾಣ್ಲಿ ಅಂತ.”

ಟೇಪಿನಿಂದ ಆಂಪ್ಲಿಫೈಯರ್‌ಗೆ ಹೋಗುವ ಎರಡು ವೈರು, ಪಕ್ಕದ ಫ್ರಿಜ್ಜಿನದೊಂದು. ಮೂರನ್ನೂ ಸೇರಿಸಿ ಕಾನ್ವೆಂಟಿನ ಹುಡುಗಿಯರ ಹಾಗೆ ಜಡೆ ಹೆಣೆದು ರಿಬ್ಬನ್ ಕಟ್ಟಿದ್ದೆ.

“ಹೂವೊಂದು ಮುಡಿಸೋದು ಬಿಟ್ಟಿ ನೋಡು! ಫ್ರಿಜ್ಜಿನ ಕರೆಂಟಿನ ಸುತ್ತ ಅಯಸ್ಕಾಂತದ ಫೀಲ್ಡ್ ಇರ್ತದ. ಅದು ಬಾಜೂಕಿನ ಹಾಡಿನ ವೈರ್‌ನ್ಯಾಗ ಹೊಕ್ಕು ಗುಂಯ್ ಅಂತದ. ದೂರ ಇಡು. ದಾಟಿಸೋದ ಆದ್ರ ಅಡ್ಡಡ್ಡ ದಾಟಿಸು, ಜೋಡಿ ಮಲಗಸಬ್ಯಾಡ.”

ಜಡೆ ಬಿಚ್ಚಿದರು. ಗುಂಯ್ ನಿಂತಿತು. ಅವ್ವ ಪಕ್ಕದ ಕೋಣೆಯಲ್ಲೇ ಕೂತು ಹಾಡಿದಂತೆ ಕೇಳಿ ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಆ ದನಿಯ ಕೆಳಗಿನಿಂದ ಇನ್ನೊಂದು ಸದ್ದು ಎದ್ದಿತು. ಅವ್ವ ಏರಿದರೆ ಅದು ಇಳಿಯುತ್ತದೆ, ಅವ್ವ ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ.

“ಇನ್ನೂ ಒಂದು ಗುಂಯ್ ಉಳದೈತ್ರಿ,” ಎಂದೆ.

ಅವರು ಕಿವಿಗೊಟ್ಟು ಕೇಳಿದರು. “ಇದು ವೈರಿಂದಲ್ಲ,” ಎಂದರು, ಭಾಳ ಮೆತ್ತಗೆ.

ಪಾಪ, ಸಿಸ್ಟರ್! ನನ್ನ ನಗುವನ್ನು ಸುಮ್ಮನೆ ಮೆಚ್ಚಿರಲಿಲ್ಲ. ಆದರೆ ಹಾಡು ಮುಗಿದ ಮೇಲೆ ಅವ್ವನ ಮಾತೊಂದು ಉಳಿದಿತ್ತು: “ಛಂದ ಹಾಡಿದಿ ನನ್ನವ್ವಾ.” ಅದನ್ನು ನಾಲ್ಕು ಸಲ ಹಿಂದಕ್ಕೆ ತಿರುಗಿಸಿ ಕೇಳಿದೆ.

ಶುಕ್ರವಾರ ಗೆಳತಿಯರು ಬರುವ ಮೊದಲು ಮೇಜಿನ ಹಿಂದೆ ಕೂತು ಮೂರೂ ವೈರುಗಳಿಗೆ ಮತ್ತೆ ಜಡೆ ಹೆಣೆದೆ, ಈ ಸಲ ಇನ್ನಷ್ಟು ಬಿಗಿಯಾಗಿ. ಹಾಡು ಕೇಳಿ ಎಲ್ಲರೂ ತಲೆದೂಗಿದರು.

“ನಿಮ್ಮ ದನಿ ಕೇಳಲಿಲ್ಲರಿ. ಆದ್ರ ಹಿಂದಿನ ತಂಬೂರಿ ಎಷ್ಟು ಛಂದ ಐತಿ! ಯಾರು ಹಿಡಿದಿದ್ರು?” ಎಂದರು ಒಬ್ಬರು.

ಇವರು ಪೇಪರಿನ ಹಿಂದೆ ಕೆಮ್ಮಿದರು.

“ಅದೂ ನಂದ ಕೆಲಸರಿ,” ಎಂದು ನಾನು ಜಸ್ಟ್ ಸ್ಮೈಲ್ ಮಾಡಿದೆ.