ಒಂಬತ್ತರಿಂದ ಶುರುವಾದ ನಮ್ಮ ಕುಟುಂಬ

ಇಪ್ಪತ್ತೆರಡು ವರ್ಷ ಸ್ಟೀಲ್ ಪಾತ್ರೆ ಮಾರಿದವನು ನಾನು. ಜುಜುಬಿ ಒಂದು ಅರ್ಜಿಗೆ ಹೆದರುತ್ತೇನೆಯೇ! ಮಗಳ ಕಾಲೇಜಿನ ಸಹಾಯಧನ ತರುವ ಮಹಾಕಾರ್ಯವನ್ನು ಮೀಸೆ ತಿರುವಿ ನಾನೇ ವಹಿಸಿಕೊಂಡೆ. ಅದು ಸಿಕ್ಕರೆ ಅವಳಿಗೆ ಸೀಟು, ಇಲ್ಲದಿದ್ದರೆ ನನ್ನ ಅಂಗಡಿಯ ಸ್ಟೂಲು.

ಅರ್ಜಿಯಲ್ಲಿ ಒಂದು ಪ್ರಶ್ನೆ: ‘ಮನೆಯಲ್ಲಿ ಎಷ್ಟು ಜನ?’ ಜನ ಹೆಚ್ಚಿದ್ದಷ್ಟೂ ಸಹಾಯಧನ ಹೆಚ್ಚು. ಇರುವುದು ಐದು: ನಾನು, ಹೆಂಡತಿ, ಮಗಳು, ಮಗ, ನಮ್ಮಮ್ಮ. ನಾನು ಬರೆದದ್ದು ಒಂಬತ್ತು!

“ರೀ, ಉಳಿದ ನಾಲ್ಕು ಜನ ಯಾರು?” ಎಂದಳು ಹೆಂಡತಿ.

“ನಿನ್ನ ತಮ್ಮನ ಸಂಸಾರ. ಭಾನುವಾರ ತಪ್ಪದೆ ಬರ್ತಾರಲ್ಲ!”

“ಭಾನುವಾರ ಬಂದವರೆಲ್ಲ ಮನೆಯವರಾ?”

“ಇದು ಚೌಕಾಸಿಗೆ ಬಿಟ್ಟ ಜಾಗ ಕಣೇ. ಒಂಬತ್ತು ಅಂದ್ರೆ ಅವರು ಐದಕ್ಕೆ ಇಳಿಸ್ತಾರೆ. ವ್ಯಾಪಾರ ನಿನಗೇನು ಗೊತ್ತು?”

ನಾನು, ಹೆಂಡತಿ, ಮಗಳು ಮೂವರೂ ಕಾಲೇಜು ಕಚೇರಿಗೆ ಹೋದೆವು. ಕೌಂಟರಿನ ಮೇಡಂ ಅರ್ಜಿ ನೋಡಿ, “ಒಂಬತ್ತು ಜನಾನಾ?” ಎಂದು ಕಂಪ್ಯೂಟರಿಗೆ ಕಣ್ಣು ನೆಟ್ಟು ಸುಮ್ಮನಾದರು.

ಈ ಮೌನ ನನಗೆ ಚೆನ್ನಾಗಿ ಗೊತ್ತು! ಗಿರಾಕಿ ಹೀಗೆ ಸುಮ್ಮನಾದರೆ ಮುಂದಿನ ಅಂಗಡಿಗೆ ಹೊರಟ ಎಂದೇ ಅರ್ಥ.

“ಭಾವಮೈದುನನ ಇಬ್ಬರು ಮಕ್ಕಳನ್ನ ಬಿಡಿ ಮೇಡಂ. ಏಳು.”

ಮೌನ.

“ಆಯ್ತು, ಅವನೂ ಅವನ ಹೆಂಡತಿಯೂ ಬೇಡ. ಐದು!”

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಮೇಡಂ ನಿಟ್ಟುಸಿರು ಬಿಟ್ಟರು. ನಿಟ್ಟುಸಿರಿಗೆ ಕರಗದ ವ್ಯಾಪಾರಿಯುಂಟೇ?

“ನಮ್ಮಮ್ಮಂಗೆ ವಯಸ್ಸಾಗಿದೆ, ಜಾಸ್ತಿ ಜಾಗಾನೂ ಹಿಡಿಯಲ್ಲ. ನಾಲ್ಕು ಮಾಡ್ಕೊಳ್ಳಿ.”

“ಅಪ್ಪಾ, ನಿಲ್ಸಪ್ಪಾ!” ಮಗಳು ತೋಳು ಹಿಡಿದೆಳೆದಳು. ನಾನು ಆಗಲೇ ಇಳಿಜಾರಿನಲ್ಲಿದ್ದೆ.

“ಕೊನೇ ಮಾತು ಮೇಡಂ. ನನ್ನನ್ನೂ ತೆಗೀರಿ. ಮೂರು! ಇದಕ್ಕಿಂತ ಕಮ್ಮಿಗೆ ನನಗೆ ಗಿಟ್ಟಲ್ಲ.”

ಮೇಡಂ ತಲೆಯೆತ್ತಿದರು. “ಕಂಪ್ಯೂಟರ್ ನಿಂತುಹೋಗಿತ್ತು, ಅದಕ್ಕೆ ಕಾಯ್ತಿದ್ದೆ. ಎರಡು ನಿಮಿಷದಲ್ಲಿ ಆರು ಜನ ಎಲ್ಲಿ ಹೋದ್ರು? ಸುಳ್ಳು ಮಾಹಿತಿ ಕೊಟ್ರೆ ಅರ್ಜಿ ವಜಾ, ಗೊತ್ತಲ್ವಾ?”

ಮಗಳ ಕಣ್ಣು ತುಂಬಿತು.

“ಮೇಡಂ, ನಮ್ಮಪ್ಪ ಪಾತ್ರೆ ಅಂಗಡಿಯವ್ರು. ಮೊದಲನೇ ಸಲಕ್ಕೇ ಸರಿಯಾದ ಸಂಖ್ಯೆ ಹೇಳಿ ಅಭ್ಯಾಸ ಇಲ್ಲ. ಕಾಲೇಜು ಸೇರೋಳು ನಾನು, ದಯವಿಟ್ಟು ಅರ್ಜಿ ಹರೀಬೇಡಿ.”

ಮೇಡಂ ಅವಳ ಮುಖ ನೋಡಿ ಮೆತ್ತಗಾದರು. ಹೊಸ ಅರ್ಜಿಯೊಂದನ್ನು ತೆಗೆದು, “ಇವರನ್ನ ಕೇಳಲ್ಲ. ಅಮ್ಮ, ನೀವು ಹೇಳಿ. ನಿಮ್ಮ ಮಾತನ್ನೇ ದಾಖಲಿಸ್ತೀನಿ” ಎಂದರು.

ಹೆಂಡತಿ ಬೆರಳು ಮಡಚುತ್ತಾ ಎಣಿಸಿದಳು. “ನಮ್ಮತ್ತೆ, ಮಗಳು, ಮಗ, ನಾನು...” ಹೆಬ್ಬೆರಳ ಹತ್ತಿರ ಬಂದು ನಿಂತುಬಿಟ್ಟಳು.

“ಇವರನ್ನೂ ಸೇರಿಸ್ಲಾ?” ಮೇಡಂ ಕೇಳಿದರು.

ಹೆಂಡತಿ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು, ನೆಗ್ಗಿದ ಕೊಳಗ ನೋಡುವ ಹಾಗೆ.

“ಬರ್ಕೊಳ್ಳಿ ಮೇಡಂ. ಇಷ್ಟು ವರ್ಷ ಬಳಸಿದ ಮೇಲೆ ವಾಪಸ್ ಯಾರು ತಗೋತಾರೆ?”